ಭಾನುವಾರದ ಕಂತು: ದಣಿದ ಒಬ್ಬ ಸಂಡೇ ಸ್ಕೂಲ್ ಟೀಚರ್ ಪ್ರಕರಣ

ಈ ಪ್ರಕರಣದಲ್ಲಿರುವ ಹೆಂಗಸನ್ನು ರೂತಕ್ಕ ಅಂತ ಕರೆಯುತ್ತೇನೆ. ಅದು ಅವರ ಹೆಸರಲ್ಲ. ಮೊದಲು ಮಾರ್ಥಕ್ಕ ಅಂತ ಇಡೋಣ ಅಂದುಕೊಂಡಿದ್ದೆ. ಬೈಬಲಿನ ಮಾರ್ಥ ಮನೆಗೆಲಸದಲ್ಲೇ ಮುಳುಗಿ, ಯಾಕಿಷ್ಟು ಚಿಂತೆ ಅಂತ ಯೇಸುವಿನಿಂದ ಹೇಳಿಸಿಕೊಂಡವಳು. ಹಾಗೆ ಇಟ್ಟರೆ ಕಥೆ ಶುರುವಾಗುವ ಮೊದಲೇ ತೀರ್ಪು ಕೊಟ್ಟ ಹಾಗಾಗುತ್ತೆ, ಅಲ್ವಾ? ಸಭೆ (ಅಂದರೆ ಚರ್ಚು), ಬಡಾವಣೆ, ಮಕ್ಕಳ ವಯಸ್ಸು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬದಲಾಯಿಸಿದ್ದೇನೆ. ಬರೆಯಲು ಅವರೇ ಒಪ್ಪಿಗೆ ಕೊಟ್ಟರು. ಬರೆದದ್ದನ್ನು ಓದಿಸಿ ಕೇಳಿಸಿಕೊಂಡು, ಎರಡು ಕಡೆ "ಇದು ಬೇಡ ಮೇಷ್ಟ್ರೇ" ಅಂದರು. ಆ ಎರಡೂ ಇಲ್ಲಿಲ್ಲ.

ನಾನು ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತನಾದವನು. ದಾವಣಗೆರೆ, ಹರಿಹರದ ಸುತ್ತಮುತ್ತ ಕೆಲವು ಸಭೆಗಳಲ್ಲಿ ಸಂಡೇ ಸ್ಕೂಲ್ ಟೀಚರುಗಳಿಗೆ ತರಬೇತಿ ಕೊಡುವ ಕೆಲಸ ನೋಡಿಕೊಳ್ಳುತ್ತೇನೆ. ಈ ಪ್ರಕರಣದ ಮೊದಲ ಎರಡು ತಪ್ಪು ನನ್ನವೇ.

ಹಿನ್ನೆಲೆ

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹೊಗೆ ಬೆಳಗಿನ ಜಾವಕ್ಕೇ ಮೂಗಿಗೆ ಬಡಿಯುವ ಕಡೆ ಒಂದು ಸಣ್ಣ ಸಭೆ. ಭಟ್ಟಿ ಕೆಲಸದವರು, ಗಾರೆ ಕೆಲಸದವರು, ಮನೆಕೆಲಸಕ್ಕೆ ಹೋಗುವವರು, ಒಂದಿಬ್ಬರು ನರ್ಸ್, ಒಬ್ಬ ಬ್ಯಾಂಕ್ ಗುಮಾಸ್ತ. ರೂತಕ್ಕನಿಗೆ ಆಗ 41 ವರ್ಷ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್. ಬ್ಲೌಸ್, ಫಾಲ್ಸ್, ಜಿಗ್‌ಜಾಗ್. ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ. ಮಗಳು ಪಿಯುಸಿ, ಮಗ ಎಂಟನೇ ಕ್ಲಾಸ್. ಮಂಡಿನೋವಿನ ಅತ್ತೆ ಜೊತೆಗಿದ್ದಾರೆ.

ಎಂಟು ವರ್ಷದ ಹಿಂದೆ 6 ಮಕ್ಕಳನ್ನು ಕೂರಿಸಿಕೊಂಡು ಅವರು ಕ್ಲಾಸ್ ಶುರು ಮಾಡಿದರು. ನಾನು ಹೇಳುತ್ತಿರುವ ಹೊತ್ತಿಗೆ 38 ಮಕ್ಕಳು. ಆರಾಧನೆಯಲ್ಲಿ ಎರಡು ಹಾಡು, ಒಂದು ಪ್ರಾರ್ಥನೆ ಆದ ಮೇಲೆ ಮಕ್ಕಳು ಸಾಲಾಗಿ ಹೊರಗೆ ಹೋಗುತ್ತಾರೆ. ಹಿಂದೆ ಶೀಟಿನ ಕೋಣೆ. ಅಯ್ಯನವರು, ಅಂದರೆ ಸಭೆಯ ಪಾದ್ರಿ, ಪ್ರಸಂಗ (ಉಪದೇಶ) ಮುಗಿಸುವವರೆಗೂ ಅಲ್ಲಿ ಕಥೆ, ಆಕ್ಷನ್ ಸಾಂಗ್, ಬಾಯಿಪಾಠದ ವಚನ, ಬಣ್ಣ ಹಚ್ಚುವುದು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ಪಾತ್ರೆಯಲ್ಲಿನ ರಸ ಹಂಚಿಕೊಳ್ಳುವ ವಿಧಿ. ಎಲ್ಲರದ್ದೂ ಮುಗಿಯುವ ಹೊತ್ತಿಗೆ ಯಾರಿಗಾದರೂ ನೆನಪಾಗುತ್ತಿತ್ತು: "ರೂತಕ್ಕನ್ನ ಕರೀರಿ." ಅವರು ಚಾಕ್‌ಪೀಸ್ ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಿ ಬಂದು, ತಗೊಂಡು, ಓಡಿ ಹೋಗುತ್ತಿದ್ದರು. ಎಂಟು ವರ್ಷ ಹೀಗೇ ನಡೆಯಿತು. ಅಷ್ಟು ವರ್ಷದಲ್ಲಿ ಅವರು ಕೂತು ಪೂರ್ತಿ ಕೇಳಿದ ಪ್ರಸಂಗಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಇದು ನಮ್ಮಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸಂಡೇ ಸ್ಕೂಲ್ ಹುಟ್ಟಿದ್ದೇ ದಣಿದ ಮಕ್ಕಳಿಗಾಗಿ. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್ ಊರಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯವರು ಇದನ್ನು ಶುರು ಮಾಡಿದಾಗ, ವಾರದ ಆರು ದಿನ ದುಡಿಯುವ ಬಡ ಮಕ್ಕಳಿಗೆ ಓದು ಕಲಿಯಲು ಬಿಡುವಿದ್ದದ್ದು ಭಾನುವಾರ ಮಾತ್ರ. ಇನ್ನೊಂದು ಮಾತು ಟೀಚರುಗಳಿಗೆ ಹೇಳಿದರೆ ನಗುತ್ತಾರೆ. ರೇಕ್ಸ್ ಕಾಲದಲ್ಲಿ ಕಲಿಸಲು ಬಂದ ಹೆಂಗಸರಿಗೆ ಭಾನುವಾರಕ್ಕೆ ಒಂದು ಶಿಲ್ಲಿಂಗ್ ಕೂಲಿ ಇತ್ತು. ಬಿಟ್ಟಿ ಸೇವೆ ಬಂದದ್ದು ಆಮೇಲೆ. ಕೂಲಿ ಕೊಡಬೇಕು ಅಂತ ನಾನು ಹೇಳುತ್ತಿಲ್ಲ. ಕೂಲಿ ಕೊಡುವವನಿಗೆ ಆಳು ಎಷ್ಟು ಹೊತ್ತು ದುಡಿದ ಅನ್ನುವ ಲೆಕ್ಕ ಇರುತ್ತದೆ. ನಮ್ಮ ಹತ್ತಿರ ಆ ಲೆಕ್ಕವೇ ಇರಲಿಲ್ಲ.

ರೂತಕ್ಕನ ಲೆಕ್ಕ ಆಮೇಲೆ ಹಾಕಿದೆವು. ಭಾನುವಾರದ ಕ್ಲಾಸ್, ಶನಿವಾರ ರಾತ್ರಿ ಚಾರ್ಟ್ ಕತ್ತರಿಸುವುದು, ಬಾರದ ಮಕ್ಕಳ ಮನೆಗೆ ಬುಧವಾರ ಸಂಜೆ ಹೋಗಿಬರುವುದು, ಏಪ್ರಿಲ್ ಬಿಸಿಲಲ್ಲಿ 10 ದಿನದ ವಿ.ಬಿ.ಎಸ್. (ಬೇಸಿಗೆ ರಜೆಯ ಬೈಬಲ್ ಶಾಲೆ), ನವೆಂಬರ್‌ನಿಂದ ಕ್ರಿಸ್ಮಸ್ ನಾಟಕದ ಪ್ರಾಕ್ಟೀಸ್, ಕುರುಬರ ವೇಷದ ಹೊಲಿಗೆ. ಮೆಷಿನ್ ಅವರದ್ದೇ ಇತ್ತಲ್ಲ! ಇದರ ಜೊತೆಗೆ ಅಲ್ಮೇರಾ ಕೀ. ಕ್ರೇಯಾನ್ ಡಬ್ಬ, ಫ್ಲ್ಯಾಶ್ ಕಾರ್ಡ್, ಹಾಜರಿ ಪುಸ್ತಕ ಇರುವ ಅಲ್ಮೇರಾದ ಕೀ ಗೊಂಚಲು ಸದಾ ಅವರ ಸೊಂಟದಲ್ಲೇ ಇರುತ್ತಿತ್ತು.

"ಕರುವಾದ ನೀರು"

ಜುಲೈ ತಿಂಗಳ ಒಂದು ಭಾನುವಾರ. ಹೊರಗೆ ಮಳೆ, ಶೀಟಿನ ಮೇಲೆ ಸದ್ದು, ಒಳಗೆ 38 ಮಕ್ಕಳ ಗಲಾಟೆ. ಅವತ್ತು ಬಾಯಿಪಾಠ ಬೈಬಲಿನ 23ನೇ ಕೀರ್ತನೆಯ ಎರಡನೇ ವಚನ. ಅದರಲ್ಲಿ "ವಿಶ್ರಾಂತಿಕರವಾದ ನೀರು" ಅಂತ ಬರುತ್ತದೆ. ಏಳು ವರ್ಷದ ಒಬ್ಬ ಹುಡುಗ ಎದ್ದು ನಿಂತ. "ವಿಶ್ರಾಂತಿ... ಕರ... ಕರು..." ಅಂತ ತಡವರಿಸಿ, ಕೊನೆಗೆ ಧೈರ್ಯ ಮಾಡಿ "ಕರುವಾದ ನೀರು" ಅಂದುಬಿಟ್ಟ. ಕೋಣೆಯೆಲ್ಲ ನಗು. ಯಾರೋ "ಅಂಬಾ" ಅಂದರು. ಹುಡುಗನಿಗೂ ನಗು ಬಂತು.

ರೂತಕ್ಕ ಕೈಯಲ್ಲಿದ್ದ ಮರದ ಸ್ಕೇಲಿನಿಂದ ಅವನ ಅಂಗೈಗೆ ಹೊಡೆದರು. ಎರಡು ಏಟು. ಎರಡನೆಯದು ಜೋರಾಗಿತ್ತು.

ನಗು ನಿಂತಿತು. ಹುಡುಗ ಅಳಲಿಲ್ಲ. ಕೈಯನ್ನು ಚಡ್ಡಿ ಜೇಬಲ್ಲಿ ಇಟ್ಟುಕೊಂಡು ಕೂತ. ಆರಾಧನೆ ಮುಗಿದ ಮೇಲೆ ಅವನ ತಾಯಿಯ ಹತ್ತಿರ ರೂತಕ್ಕ ತಾವೇ ಹೋಗಿ ಹೇಳಿಕೊಂಡರು. ಆಕೆ "ಬಿಡ್ರಿ ಟೀಚರಕ್ಕ, ನಾವೂ ಮನೇಲಿ ಹೊಡೀತೀವಲ್ಲ" ಅಂದರು. ಬೈದಿದ್ದರೆ ಚೆನ್ನಾಗಿತ್ತು ಅಂತ ರೂತಕ್ಕ ಆಮೇಲೆ ಹೇಳಿದರು. ಆ ಸಂಜೆಯೇ ನನಗೆ ಫೋನ್ ಮಾಡಿ, "ಮೇಷ್ಟ್ರೇ, ನನ್ನ ಹೆಸರು ಟೀಚರ್ ಲಿಸ್ಟಿಂದ ತೆಗೀರಿ" ಅಂದರು.

ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ತಡೆಯುತ್ತದೆ. ದೇವರ ಮನೆಯ ಹಿಂದಿನ ಕೋಣೆಯಲ್ಲಿ ಅಳತೆ ಅದಕ್ಕಿಂತ ಕಡಿಮೆ ಇರಬಾರದು. ಇದನ್ನು ದಣಿವಿನ ಲೆಕ್ಕಕ್ಕೆ ಹಾಕಿ ತೇಲಿಸಿಬಿಡುವುದು ನನಗೆ ಇಷ್ಟವಿಲ್ಲ. ರೂತಕ್ಕನಿಗೂ ಇಷ್ಟವಿರಲಿಲ್ಲ. ಮುಂದಿನ ಭಾನುವಾರ ಮಕ್ಕಳೆದುರೇ ಆ ಹುಡುಗನ ಮುಂದೆ ಮೊಣಕಾಲೂರಿ ಕ್ಷಮೆ ಕೇಳಿದರು. ಅವನು ಸ್ವಲ್ಪ ಯೋಚಿಸಿ, "ಹಂಗಾದ್ರೆ ಬಾಯಿಪಾಠ ಒಪ್ಪಿಸ್ಬೇಕಾ, ಬ್ಯಾಡ್ವಾ?" ಅಂತ ಕೇಳಿದನಂತೆ.

ಮೊದಲ ತಪ್ಪು: ಇನ್ನೂ ಜಾಸ್ತಿ ಪ್ರಾರ್ಥನೆ

ಅವರ ಮನೆಗೆ ಹೋದೆ. ಕೇಳಿದೆ. ನಿದ್ದೆ ಬರಲ್ಲ, ಎದ್ದರೆ ಸುಸ್ತು. ಮಕ್ಕಳ ಮುಖ ನೋಡಿದರೆ ಮೊದಲಿನ ಖುಷಿ ಇಲ್ಲ. ಎಷ್ಟು ಕಲಿಸಿದರೂ ಏನು ಪ್ರಯೋಜನ ಅನಿಸುತ್ತೆ. ಇಷ್ಟನ್ನು ಹೇಳಿ ಸುಮ್ಮನಾದರು. ಆಮೇಲೆ ಇನ್ನೊಂದು ಸೇರಿಸಿದರು. ಅದೇ ಮುಖ್ಯವಾದದ್ದು.

"ಬೈಬಲ್ ತೆಗೆದ್ರೆ ಬರೀ ಪಾಠ ಕಾಣುತ್ತೆ ಮೇಷ್ಟ್ರೇ. ಇದಕ್ಕೆ ಚಾರ್ಟ್ ಮಾಡ್ಬೋದು, ಇದಕ್ಕೆ ಆಕ್ಷನ್ ಹಾಕ್ಬೋದು ಅಂತ. ನನಗೆ ಅಂತ ಒಂದು ಮಾತೂ ಕೇಳ್ಸಲ್ಲ."

ಇಂಥ ಸ್ಥಿತಿಗೆ ಬರ್ನ್‌ಔಟ್ ಅನ್ನುವ ಹೆಸರು ಕೊಟ್ಟು 1974ರಲ್ಲಿ ಬರೆದವರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನೋವಿಜ್ಞಾನಿ. ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್ಕಿನಲ್ಲಿ ಮನಸ್ಸಿಟ್ಟು ಸೇವೆಗೆ ಬಂದವರನ್ನು, ತಮ್ಮನ್ನೂ ಸೇರಿಸಿ, ನೋಡಿ ಅವರು ಬರೆದದ್ದು. ಮನಸ್ಸಿಲ್ಲದೆ ಬಂದವರು ಹೀಗೆ ಉರಿದುಹೋಗುವುದು ಕಡಿಮೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಅನ್ನದೆ, ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂತ ವಿವರಿಸಿ ಮೂರು ಗುರುತು ಹೇಳಿತು: ಸುಸ್ತು, ಕೆಲಸದಿಂದ ಮನಸ್ಸು ದೂರವಾಗುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನುವ ಭಾವ. ರೂತಕ್ಕ ಮೂರನ್ನೂ ಹೇಳಿದ್ದರು. ಇದೆಲ್ಲ ನಾನು ಓದಿಕೊಂಡದ್ದು ಆಮೇಲೆ. ಅವತ್ತು ನಾನು ಕೊಟ್ಟ ಸಲಹೆ ಇಷ್ಟೇ: "ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಪ್ರಾರ್ಥನೆ ಮಾಡಿ. ಶುಕ್ರವಾರ ಉಪವಾಸ ಇಡಿ."

ಮೂರನೇ ಶುಕ್ರವಾರ ಅವರು ನೀರಿನ ನಲ್ಲಿ ಹತ್ತಿರ ತಲೆ ಸುತ್ತಿ ಬಿದ್ದರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಅಂತ ಲೆಕ್ಕ. ವರ್ಷಗಳಿಂದ ತಿಂಗಳ ಸ್ರಾವ ಜಾಸ್ತಿ ಇತ್ತು. ಯಾರಿಗೂ ಹೇಳಿರಲಿಲ್ಲ. ಡಾಕ್ಟರಮ್ಮ ಅದಕ್ಕೆ ಚಿಕಿತ್ಸೆ ಶುರು ಮಾಡಿ, ಕಬ್ಬಿಣದ ಮಾತ್ರೆ ಕೊಟ್ಟು, "ಉಪವಾಸ ಮಾಡಿ ಅಂದವರ್ಯಾರು?" ಅಂತ ಕೇಳಿದರು. ರೂತಕ್ಕ ನನ್ನ ಹೆಸರು ಹೇಳಲಿಲ್ಲ. ಅದು ಅವರ ದೊಡ್ಡತನ.

ನಾಚಿಕೆಯಿಂದ ಮನೆಗೆ ಬಂದು ಬೈಬಲಿನಲ್ಲಿ ಪ್ರವಾದಿ ಎಲೀಯನ ಕಥೆ ತೆಗೆದೆ. 1 ಅರಸುಗಳು 19. ನಮ್ಮ ಹಳೆಯ ಸತ್ಯವೇದದಲ್ಲಿ (ಕನ್ನಡ ಬೈಬಲಿನಲ್ಲಿ) ಅವನು ಸಾಕಪ್ಪಾ ಸಾಕು ಅಂತ ಹೋಗಿ ಕೂತದ್ದು ಜಾಲಿಗಿಡದ ಕೆಳಗೆ. ನಮ್ಮ ದಾವಣಗೆರೆ, ಚಿತ್ರದುರ್ಗದ ಬಯಲಲ್ಲಿ ಬೆಳೆದವರಿಗೆ ಆ ನೆರಳು ಎಷ್ಟು ತೆಳು ಅಂತ ಗೊತ್ತು. ಅಲ್ಲಿ ದೂತ ಬಂದು ಪ್ರಾರ್ಥನೆ ಕಡಿಮೆಯಾಯಿತು ಅನ್ನಲಿಲ್ಲ. ಎದ್ದು ತಿನ್ನು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರ ಮೆಲ್ಲನೆಯ ದನಿ ಕೇಳಿಸಿದ್ದು ಅದಾಗಿ 40 ದಿನದ ಮೇಲೆ. ಈ ಅಧ್ಯಾಯವನ್ನು ನಾನು ಟೀಚರುಗಳಿಗೆ ಎಷ್ಟು ಸಲ ಪಾಠ ಮಾಡಿದ್ದೇನೋ! ಎದುರಿಗೆ ಒಬ್ಬರು ಬಳಲಿ ಕೂತಿದ್ದಾಗ ನೆನಪಾಗಲಿಲ್ಲ.

ಎರಡನೇ ತಪ್ಪು: ಕೊಂಡಜ್ಜಿ

ಆಮೇಲೆ ನಾನೇ ಒಂದು ದಿನದ ವಿಶ್ರಾಂತಿ ಕೂಟ ಏರ್ಪಡಿಸಿದೆ. ಹರಿಹರ ತಾಲ್ಲೂಕಿನ ಕೊಂಡಜ್ಜಿ. ಕೆರೆ, ಗುಡ್ಡ, ಮರದ ನೆರಳು. ಮೂರು ಸಭೆಗಳಿಂದ 22 ಟೀಚರುಗಳು. ಈಗ ಆ ದಿನದ ಕಾರ್ಯಕ್ರಮ ಪಟ್ಟಿ ನೋಡಿದರೆ ನಗು ಬರುತ್ತದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಐದು ಸೆಷನ್. ವಿಶ್ರಾಂತಿಯ ಬಗ್ಗೆಯೇ ಎರಡು! ಊಟಕ್ಕೆ ಪಲಾವ್. ಮಾಡಿದವರು ಯಾರು? ರೂತಕ್ಕ ಮತ್ತು ಇನ್ನಿಬ್ಬರು. ಊಟ ಆದ ಮೇಲೆ ಎಲ್ಲರೂ ಕೆರೆ ಏರಿ ಮೇಲೆ ಅಡ್ಡಾಡಲು ಹೋದರೆ, ಇವರು ಚೀಲದಿಂದ ಚಾರ್ಟ್ ಪೇಪರ್ ತೆಗೆದು ನೋಹನ ನಾವೆಗೆ ಆನೆ ಕತ್ತರಿಸುತ್ತಾ ಕೂತಿದ್ದರು. "ಕೈ ಸುಮ್ನೆ ಇದ್ರೆ ಏನೋ ಥರ ಆಗುತ್ತೆ" ಅಂದರು.

ಮಾರ್ಕನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ ಶಿಷ್ಯರಿಗೆ ಊಟಕ್ಕೂ ಪುರುಸೊತ್ತಿಲ್ಲದಾಗ ಯೇಸು, ಬನ್ನಿ, ಜನ ಇಲ್ಲದ ಕಡೆ ಹೋಗಿ ಸ್ವಲ್ಪ ದಣಿವಾರಿಸಿಕೊಳ್ಳಿ ಅನ್ನುತ್ತಾರೆ. ದೋಣಿ ದಡ ಮುಟ್ಟುವಷ್ಟರಲ್ಲಿ ಜನ ಓಡಿ ಬಂದು ಕಾಯುತ್ತಿರುತ್ತಾರೆ. ನಮ್ಮ ಕೂಟಕ್ಕೆ ಯಾರೂ ಓಡಿ ಬರಬೇಕಾಗಿರಲಿಲ್ಲ. ನಾವೇ ಎಲ್ಲವನ್ನೂ ಟೆಂಪೋದಲ್ಲಿ ಹಾಕಿಕೊಂಡು ಹೋಗಿದ್ದೆವು.

ಮೂರನೆಯದು: ಒಂದು ತಿಂಗಳ ರಜೆ

ಇದು ಕಮಿಟಿಯವರ ಯೋಚನೆ. ಒಳ್ಳೆಯದೇ ಅನಿಸಿತು. ರೂತಕ್ಕನಿಗೆ ಸೆಪ್ಟೆಂಬರ್ ಪೂರ್ತಿ ರಜೆ. ಕ್ಲಾಸನ್ನು ಡಿಗ್ರಿ ಓದುವ ಒಬ್ಬ ಹುಡುಗಿ ನೋಡಿಕೊಳ್ಳುವುದು. ಅವಳನ್ನು ಸುಮ ಅಂತ ಕರೆಯೋಣ. ಆರಾಧನೆಯಲ್ಲಿ ಪ್ರಕಟಣೆ ಮಾಡಿದರು. ಹೊರಗೆ ಬಂದ ತಕ್ಷಣ ನಾಲ್ಕು ಜನ ಸುತ್ತುವರಿದು, "ಏನಕ್ಕ, ಏನ್ ಕಾಯಿಲೆ?" ಅಂತ ವಿಚಾರಿಸಿಕೊಂಡರು.

ಮೊದಲ ಭಾನುವಾರ ಬೆಂಚಿನ ಮೇಲೆ ಕೂತರು. ಪ್ರಸಂಗದ ಮಧ್ಯೆ ಹಿಂದಿನ ಕೋಣೆಯಿಂದ ಗಲಾಟೆ ಕೇಳಿಸಿತು. ಕಿವಿ ಅಲ್ಲೇ. ಎರಡನೇ ಭಾನುವಾರ ಸ್ತ್ರೀಯರ ಕೂಟದವರು, "ಹೆಂಗಿದ್ರೂ ಖಾಲಿ ಇದ್ದೀರಲ್ಲ" ಅಂತ ಚಹಾದ ಜವಾಬ್ದಾರಿ ಕೊಟ್ಟರು. ಮೂರನೇ ಭಾನುವಾರ ಎಲ್ಲರಿಗಿಂತ ಮೊದಲೇ ಬಂದು, ಸುಮಳ ಕೈಯಿಂದ ಕೀ ಗೊಂಚಲು ಇಸಿದುಕೊಂಡು, ಶೀಟಿನ ಕೋಣೆ ಗುಡಿಸಿ, ಕ್ಲಾಸ್ ತಗೊಂಡರು. ಸುಮ ಅತ್ತುಕೊಂಡು ಮನೆಗೆ ಹೋದಳು.

ನಮಗೆಲ್ಲ ಸಿಟ್ಟು ಬಂತು. ಅಧಿಕಾರ ಬಿಡಲು ಮನಸ್ಸಿಲ್ಲ ಅಂತ ಕಮಿಟಿಯಲ್ಲಿ ಒಬ್ಬರು ಅಂದರು. ನಾನೂ ಒಳಗೊಳಗೆ ಹೌದು ಅಂದುಕೊಂಡೆ.

ಮೆಷಿನ್ ಪಕ್ಕದ ಮಾತು

ನಿಜ ಗೊತ್ತಾದದ್ದು ಅಕ್ಟೋಬರ್‌ನಲ್ಲಿ. ದಸರಾ, ದೀಪಾವಳಿಗೆ ಬ್ಲೌಸ್ ಸೀಜನ್. ಅಯ್ಯನವರೂ ನಾನೂ ಹೋದಾಗ ರೂತಕ್ಕ ಮೆಷಿನ್ ಮುಂದಿದ್ದರು. "ಕೂತ್ಕೊಳ್ರಿ ಅಯ್ಯನೋರೇ, ಈ ತೋಳು ಒಂದು ಮುಗಿಸ್ತೀನಿ" ಅಂದರು. ನಾವು ಕಾದೆವು. ಆ ಹೊತ್ತಿಗೆ ಸಂಘದ ಹೆಂಗಸು ವಾರದ ಕಂತಿಗೆ ಬಂದರು. ರೂತಕ್ಕ ಡಬ್ಬದಿಂದ ನೋಟು ಎಣಿಸಿ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು, ಮತ್ತೆ ಬಂದು ಕೂತರು. ಸೂಜಿಗೆ ದಾರ ಪೋಣಿಸುತ್ತಾ, ನಮ್ಮ ಮುಖ ನೋಡದೆ ಹೇಳಿದರು:

"ಇದಕ್ಕಾದ್ರೂ ಪುಸ್ತಕ ಐತೆ. ಇಷ್ಟು ಕಟ್ಟಿದೆ, ಇಷ್ಟು ಬಾಕಿ ಅಂತ. ಭಾನುವಾರದ ಕಂತಿಗೆ ಅದೂ ಇಲ್ಲ."

ಆಮೇಲೆ ಬಿಡಿಸಿ ಹೇಳಿದರು. ಮಗ ಐದು ವರ್ಷದವನಿದ್ದಾಗ ಡೆಂಗ್ಯೂ. ಪ್ಲೇಟ್‌ಲೆಟ್ ಇಳಿಯುತ್ತಾ ಹೋಗಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಬೇಡಿಕೊಂಡಿದ್ದರು: ಇವನನ್ನ ಉಳಿಸಿಕೊಡು, ನಿನ್ನ ಮಕ್ಕಳನ್ನ ನಾನು ನೋಡ್ಕೋತೀನಿ. ಮಗ ಉಳಿದ. ಎರಡು ತಿಂಗಳಲ್ಲಿ ಕ್ಲಾಸ್ ಶುರುವಾಯಿತು. ಎಂಟು ವರ್ಷದಲ್ಲಿ ಒಂದು ವಾರ ತಪ್ಪಿಸಿದರೂ ಎದೆ ಢವಢವ. ಸೆಪ್ಟೆಂಬರ್ ರಜೆಯ ಮೂರನೇ ವಾರ ಮಗನಿಗೆ ಜ್ವರ ಬಂತು. ಸಾಮಾನ್ಯ ನೆಗಡಿ ಜ್ವರ. ಶನಿವಾರ ರಾತ್ರಿಯೆಲ್ಲ ಅವನ ಹಣೆ ಮುಟ್ಟಿ ನೋಡುತ್ತಾ ಕೂತಿದ್ದು, ಬೆಳಗಾದ ತಕ್ಷಣ ಓಡಿಹೋಗಿ ಕೀ ಕಿತ್ತುಕೊಂಡಿದ್ದರು.

ಅಧಿಕಾರದ ಆಸೆ ಅಂತ ನಾವು ಅಂದುಕೊಂಡದ್ದು ಇದನ್ನು.

ಅಯ್ಯನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಎಷ್ಟು ವರ್ಷ ಅಂತ ಮಾತು ಕೊಟ್ಟಿದ್ರಿ ಅಕ್ಕ?"

"ಏನೂ ಹೇಳಿರ್ಲಿಲ್ಲ."

"ಬಡ್ಡಿ ಎಷ್ಟು?"

ರೂತಕ್ಕನಿಗೆ ಅಳುವಿನ ಮಧ್ಯೆ ನಗು ಬಂತು. ಅಯ್ಯನವರು ನಗಲಿಲ್ಲ. "ನಿಮ್ಮ ಮಗನ್ನ ಅಡವಿಟ್ಟುಕೊಂಡು ದುಡಿಸೋ ದೇವರನ್ನ ನಾನು ಯಾವತ್ತೂ ಪ್ರಸಂಗ ಮಾಡಿಲ್ಲ ಅಕ್ಕ. ಆದ್ರೆ ನೀವು ನನ್ನ ಪ್ರಸಂಗ ಕೇಳಿ ಎಂಟು ವರ್ಷ ಆಯ್ತು. ತಪ್ಪು ನಮ್ಮದು" ಅಂದರು.

ಈ ಪ್ರಕರಣ ತಿರುಗಿದ್ದು ಇಲ್ಲಿಂದ ಅಂತ ನನ್ನ ಲೆಕ್ಕ. ಅಲ್ಲಿಯವರೆಗೆ ನಾವು ಅವರ ಕೆಲಸದ ಹೊತ್ತನ್ನು ಕಡಿಮೆ ಮಾಡಲು ನೋಡಿದ್ದೆವು. ಸಾಲಗಾರರಿಗೆ ರಜೆ ಕೊಟ್ಟರೆ ಅವರಿಗೆ ಬಾಕಿ ಬೆಳೆಯುವ ಚಿಂತೆ. ಹಾಗಂತ ಸಾಲವಿಲ್ಲ ಅಂತ ಬಾಯಲ್ಲಿ ಹೇಳಿ, ಮುಂದಿನ ಭಾನುವಾರ ಮತ್ತೆ ಅವರನ್ನೇ ಶೀಟಿನ ಕೋಣೆಗೆ ಕಳಿಸಿದ್ದರೆ ಆ ಮಾತು ಬರೀ ಮಾತಾಗಿ ಉಳಿಯುತ್ತಿತ್ತು.

ಕಮಿಟಿಯಲ್ಲಿ

ನವೆಂಬರ್ ಕಮಿಟಿ ಮೀಟಿಂಗ್ ಜೋರಾಗೇ ನಡೆಯಿತು. "ಸೇವೆಗೆ ರಜೆ ಉಂಟಾ?" ಅಂತ ಹಿರಿಯರೊಬ್ಬರು ಎದ್ದರು. ಮಕ್ಕಳ ಸಂಖ್ಯೆ ಇಳಿಯುತ್ತದೆ ಅಂತ ಇನ್ನೊಬ್ಬರು. ಅಯ್ಯನವರು ಬೈಬಲಿನ ವಿಮೋಚನಕಾಂಡ 18 ಓದಿಸಿದರು. ಮೋಶೆ ಬೆಳಗಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ನ್ಯಾಯ ತೀರಿಸುತ್ತಿದ್ದಾಗ, ಅವನ ಮಾವ ಇತ್ರೋನ ಬಂದು, ನೀನು ಮಾಡುತ್ತಿರುವುದು ಸರಿಯಲ್ಲ ಅನ್ನುತ್ತಾನೆ. ನೀನೂ ಬಳಲಿಹೋಗುತ್ತೀಯ, ನಿನ್ನ ಜೊತೆಗಿರುವ ಜನರೂ ಬಳಲುತ್ತಾರೆ ಅಂತ. ಎರಡನೇ ಅರ್ಧವನ್ನು ಅಯ್ಯನವರು ಎರಡು ಸಲ ಓದಿಸಿದರು. ಸ್ಕೇಲ್ ಏಟಿನ ವಿಷಯ ಗೊತ್ತಿದ್ದವರು ತಲೆ ತಗ್ಗಿಸಿದರು.

ತೀರ್ಮಾನ ಇಷ್ಟಾಯಿತು. ತಿಂಗಳ ಮೊದಲ ಭಾನುವಾರ ಕ್ಲಾಸ್ ಇಲ್ಲ. ಮಕ್ಕಳೂ ಟೀಚರುಗಳೂ ದೊಡ್ಡವರ ಜೊತೆ ಆರಾಧನೆಯಲ್ಲಿ. ಉಳಿದ ಭಾನುವಾರ ಯಾವಾಗಲೂ ಇಬ್ಬರು ಟೀಚರ್, ಒಬ್ಬರೇ ಅಂತ ಎಂದೂ ಇಲ್ಲ. ಮಕ್ಕಳ ಸುರಕ್ಷತೆಗೂ ಇದು ಬೇಕಾದದ್ದೇ. ಮೂರು ಜೋಡಿ, ಸರದಿ ಮೇಲೆ. ವಿ.ಬಿ.ಎಸ್. 10 ದಿನದಿಂದ 5 ದಿನಕ್ಕೆ. ಅಲ್ಮೇರಾ ಕೀ ಕಾರ್ಯದರ್ಶಿಯ ಹತ್ತಿರ, ಸರದಿ ಇದ್ದವರು ಕೇಳಿ ತಗೊಳ್ಳುವುದು. ಸ್ಕೇಲ್ ಅಲ್ಮೇರಾದಿಂದ ಹೊರಗೆ.

ಮೂರು ಜೋಡಿಗೆ ಆರು ಜನ ಬೇಕು. ರೂತಕ್ಕ ಒಬ್ಬರೇ ಇದ್ದದ್ದು. ಸುಮ ಸಿಟ್ಟಿನಲ್ಲಿದ್ದಳು. ಆರಾಧನೆಯಲ್ಲಿ ಮೂರು ವಾರ ಪ್ರಕಟಣೆ ಮಾಡಿದೆವು. ಒಬ್ಬರೂ ಬರಲಿಲ್ಲ. ಯಾಕೆ ಅಂತ ಬ್ಯಾಂಕಿನ ಗುಮಾಸ್ತರು ನನಗೆ ಗುಟ್ಟಾಗಿ ಹೇಳಿದರು: "ಒಂದ್ಸಲ ಒಳಗೆ ಹೋದ್ರೆ ರೂತಕ್ಕನ ಥರ ಎಂಟು ವರ್ಷ ಹೊರಗೆ ಬರಂಗಿಲ್ಲ ಸರ್." ಆಮೇಲೆ ದಾರಿ ಬದಲಾಯಿಸಿದೆವು. ಒಬ್ಬೊಬ್ಬರ ಮನೆಗೆ ಹೋಗಿ, ಜನವರಿಯಿಂದ ಜೂನ್ ಕೊನೆಯವರೆಗೆ ಅಂತ ದಿನಾಂಕ ಬರೆದ ಚೀಟಿ ಕೊಟ್ಟು ಕೇಳಿದೆವು. ಮುಗಿಯುವ ದಿನ ಕಂಡಾಗ ಜನ ಒಪ್ಪಿದರು. ಗುಮಾಸ್ತರೇ ಮೊದಲು. ಒಬ್ಬ ನರ್ಸ್ ಬಂದರು, ಇನ್ನಿಬ್ಬರು ತಾಯಂದಿರು ಬಂದರು. ಸುಮಳ ಮನೆಗೆ ರೂತಕ್ಕ ಒಬ್ಬರೇ ಹೋಗಿ ಮಾತಾಡಿ ಬಂದರು. ಏನು ಮಾತಾಡಿದರು ಅನ್ನುವುದು ನಾನು ಬಿಟ್ಟ ಎರಡು ಕಡೆಗಳಲ್ಲಿ ಒಂದು.

ಜನವರಿಯ ಮೊದಲ ಭಾನುವಾರ

38 ಮಕ್ಕಳು ಆರಾಧನೆಯಲ್ಲಿ. ಮುಂದೆ ಜಮಖಾನ ಹಾಸಿದ್ದೆವು. ಗಲಾಟೆ ಇತ್ತು, ಇಲ್ಲ ಅನ್ನಲ್ಲ. ಪ್ರಸಂಗದ ಮಧ್ಯೆ ಒಂದು ಮಗು ಜೋರಾಗಿ "ಇನ್ನೂ ಎಷ್ಟೊತ್ತು?" ಅಂತ ಕೇಳಿತು. ದೊಡ್ಡವರಲ್ಲೂ ಕೆಲವರಿಗೆ ಅದೇ ಪ್ರಶ್ನೆ ಇತ್ತು ಅಂತ ನನ್ನ ಅನುಮಾನ.

ರೂತಕ್ಕ ಜಮಖಾನದ ತುದಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಆ ಹುಡುಗ, "ಕರುವಾದ ನೀರಿ"ನವನು, ಮೊದಲು ಪಕ್ಕದಲ್ಲಿದ್ದ. ಆಮೇಲೆ ಒರಗಿದ. ಪ್ರಸಂಗ ಅರ್ಧ ಆಗುವಷ್ಟರಲ್ಲಿ ಅವರ ತೊಡೆ ಮೇಲೆ ತಲೆಯಿಟ್ಟು ನಿದ್ದೆ ಹೋದ. ಬಾಯಿ ಅರ್ಧ ತೆರೆದಿತ್ತು. ಜೊಲ್ಲು ಸೀರೆಗೆ ಇಳಿಯುತ್ತಿತ್ತು.

ಕರ್ತನ ಭೋಜನಕ್ಕೆ ಎಲ್ಲರೂ ಸಾಲಾಗಿ ಮುಂದೆ ಹೋದರು. ರೂತಕ್ಕ ಎರಡು ಸಲ ಹುಡುಗನ ತಲೆ ಎತ್ತಿ ಇಡಲು ನೋಡಿದರು. ಎರಡು ಸಲವೂ ಅವನು ಸೆರಗು ಹಿಡಿದು ಮುಲುಗಿದ. ಬಿಟ್ಟರು. ಸಾಲು ಮುಗಿಯಿತು. ಅಯ್ಯನವರು ನೋಡಿದರು. ಕಾಯಿಲೆಯವರಿಗೆ, ವಯಸ್ಸಾದವರಿಗೆ ಕೊಡುವ ಹಾಗೆ ರೊಟ್ಟಿ, ಪಾತ್ರೆ ಹಿಡಿದು ಮೆಟ್ಟಿಲಿಳಿದು ಅವರಿದ್ದಲ್ಲಿಗೇ ಬಂದರು. ಬಗ್ಗಿ ಕೊಟ್ಟರು. ರೂತಕ್ಕ ಕೂತಲ್ಲೇ ಎರಡೂ ಕೈ ಚಾಚಿ ತಗೊಂಡರು.

ಚಹಾ ಹೊತ್ತಿಗೆ ನನ್ನ ಹತ್ತಿರ ಬಂದು ಅಂದರು, "ಏಳಕ್ಕಾಗ್ಲಿಲ್ಲ ಮೇಷ್ಟ್ರೇ. ಎದ್ದು ಹೋಗಿದ್ರೆ ಅದೂ ನಾನೇ ಮಾಡಿದಂಗಾಗ್ತಿತ್ತು."

ನಾನು ಇದಕ್ಕೆ ಏನೂ ಸೇರಿಸುವುದಿಲ್ಲ.

ಆಮೇಲೆ

ಎಲ್ಲವೂ ಸುಖಾಂತವಾಗಲಿಲ್ಲ. ಮಕ್ಕಳ ಸಂಖ್ಯೆ ಆ ವರ್ಷ 38ರಿಂದ 29ಕ್ಕೆ ಇಳಿಯಿತು. ಬುಧವಾರದ ಮನೆಭೇಟಿ ನಿಂತದ್ದು ಒಂದು ಕಾರಣ. ಆ ಹಿರಿಯರು ಈಗಲೂ ನನಗೆ ಆ ಲೆಕ್ಕ ಒಪ್ಪಿಸುತ್ತಾರೆ. ತಾಯಂದಿರಲ್ಲಿ ಒಬ್ಬರು ಜೂನ್‌ಗೆ ಚೀಟಿ ವಾಪಸ್ ಕೊಟ್ಟು ಹೋದರು. ಒಂದು ಜೋಡಿ ಕಥೆ ಹೇಳುವುದರಲ್ಲಿ ತುಂಬಾ ಸಪ್ಪೆ. ಗುಮಾಸ್ತರು ಬೈಬಲಿನ ದೈತ್ಯ ಗೊಲ್ಯಾತನ ಎತ್ತರವನ್ನು ಮೊಳದಿಂದ ಅಡಿಗೆ, ಅಡಿಯಿಂದ ಸೆಂಟಿಮೀಟರಿಗೆ ಲೆಕ್ಕ ಮಾಡಿಸುತ್ತಾ ಅರ್ಧ ಗಂಟೆ ಕಳೆದದ್ದನ್ನು ನಾನೇ ನೋಡಿದ್ದೇನೆ. ರೂತಕ್ಕನಿಗೆ ಅತಿ ಕಷ್ಟವಾದದ್ದು ಇದೇ. ತಮಗೆ ಚೆನ್ನಾಗಿ ಬರುವ ಕೆಲಸವನ್ನು ಇನ್ನೊಬ್ಬರು ಕೆಟ್ಟದಾಗಿ ಮಾಡುವಾಗ ಬೆಂಚಿನ ಮೇಲೆ ಕೂತಿರುವುದು. ಮೊದಮೊದಲು ಸೆರಗಿನ ತುದಿ ತಿರುಚುತ್ತಾ ಕೂರುತ್ತಿದ್ದರು.

ಭಾನುವಾರ ಹೇಗೂ ಕೆಲಸದ ದಿನವೇ ಆದ್ದರಿಂದ, ಸೋಮವಾರ ಮಧ್ಯಾಹ್ನ ಎರಡರಿಂದ ಐದು ತಮ್ಮದು ಅಂತ ಇಟ್ಟುಕೊಂಡರು. ಮೆಷಿನ್‌ಗೆ ಹಳೇ ಬೆಡ್‌ಶೀಟ್ ಹೊದಿಸುತ್ತಾರೆ. ಗಿರಾಕಿ ಬಂದರೆ ಅತ್ತೆಯೇ ಬಾಗಿಲಲ್ಲಿ, "ನಾಳೆ ಬರ್ರಿ" ಅನ್ನುತ್ತಾರೆ. ಆ ಅಜ್ಜಿಗೆ ಈ ಕೆಲಸ ಭಾರಿ ಇಷ್ಟ. ಶುರುವಿನಲ್ಲಿ ಕೀರ್ತನೆ ಓದಲು ಕೂತರೂ ಕೈ ಪೆನ್ನಿಗೆ ಹೋಗಿ, ಮಕ್ಕಳಿಗೆ ಆಗುವ ವಚನಕ್ಕೆ ಗೆರೆ ಎಳೆಯುತ್ತಿದ್ದರಂತೆ. ಅದಕ್ಕೆ ಪಾಠದ ಬೈಬಲನ್ನು ಬದಿಗಿಟ್ಟು, ತೀರಿಹೋದ ತಾಯಿಯ ಹಳೇ ಸತ್ಯವೇದ ತೆಗೆದರು. ಅದರ ಹಾಳೆ ಎಷ್ಟು ತೆಳು ಅಂದರೆ ಗೆರೆ ಎಳೆದರೆ ಹರಿಯುತ್ತದೆ. ಎಷ್ಟೋ ಸೋಮವಾರ ಎರಡು ವಚನ ಓದುವಷ್ಟರಲ್ಲಿ ನಿದ್ದೆ ಬರುತ್ತದೆ. "ಅದಕ್ಕೂ ಅಡ್ಡಿಯಿಲ್ಲ ಬಿಡ್ರಿ" ಅನ್ನುತ್ತಾರೆ. ಜೂನ್ ಹೊತ್ತಿಗೆ ಹಿಮೋಗ್ಲೋಬಿನ್ 11.9ಕ್ಕೆ ಬಂದಿತ್ತು. ದೇವರ ಮಾತು ಮತ್ತೆ ಕೇಳಿಸುತ್ತಾ ಅಂತ ನಾನು ಒಮ್ಮೆ ಕೇಳಿದೆ. ತಕ್ಷಣ ಉತ್ತರ ಕೊಡಲಿಲ್ಲ. "ಕೆಲವು ಸಲ. ಕೇಳ್ಸದಿದ್ದಾಗ ಮೊದಲಿನ ಥರ ಹೆದರಿಕೆ ಇಲ್ಲ" ಅಂದರು.

ಮಗನಿಗೆ ಆ ಮೇಲೂ ಒಂದೆರಡು ಸಲ ಜ್ವರ ಬಂತು. ಒಮ್ಮೆ ಅದು ಅವರ ಸರದಿ ಇಲ್ಲದ ಭಾನುವಾರವಾಗಿತ್ತು. ಅವರು ಗಂಜಿ ಮಾಡಿಕೊಟ್ಟು, ಮಗನ ಪಕ್ಕದಲ್ಲೇ ಕೂತಿದ್ದರು. ಎದೆ ಢವಢವ ಅಂದಿತಂತೆ, ಆದರೆ ಎದ್ದು ಹೋಗಲಿಲ್ಲ.

ಮೊನ್ನೆ ಫೋನ್ ಮಾಡಿದ್ದರು. ಸುಮಳದ್ದು ಡಿಗ್ರಿ ಮುಗಿದು ಬಿ.ಎಡ್. ನಡೆಯುತ್ತಿದೆ. ಮೂರು ವಾರದಿಂದ ಬೇರೆಯವರ ಸರದಿಯನ್ನೂ "ಪರವಾಗಿಲ್ಲ, ನಾನೇ ಮಾಡ್ತೀನಿ" ಅಂತ ತಗೊಳ್ಳುತ್ತಿದ್ದಾಳಂತೆ. ಕೀ ವಾಪಸ್ ಕೊಟ್ಟಿಲ್ಲ. ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಾಳೆ. "ನೀವು ಏನೂ ಹೇಳಕ್ಕೆ ಹೋಗ್ಬೇಡ್ರಿ ಮೇಷ್ಟ್ರೇ, ನೀವು ಉಪವಾಸ ಮಾಡು ಅಂತೀರಿ" ಅಂತ ನಕ್ಕರು. ಶನಿವಾರ ಸಂಜೆ ಅವರೇ ಅವಳ ಮನೆಗೆ ಹೋಗುತ್ತಾರಂತೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು.